ಗಾಳಿ ಬರುವ ಮುಂಚೆ ಕಟ್ಟಿಕೋ

ತಮ್ಮಾ, ಕೂಲಿ ಮಾಡಿ ಉಣ್ಣುವವನಿಗೆ ಮುಂಚೆಯೇ ಹೇಳಿ ಬರುವ ಕಷ್ಟಗಳು ಕಡಿಮೆ. ಜ್ವರ ಹೇಳಿ ಬರುವುದಿಲ್ಲ. ಸೈಟಿನ ಕೆಲಸ ನಿಂತಿತು ಅನ್ನುವುದನ್ನು ಮೇಸ್ತ್ರಿ ಬೆಳಗಿನ ಹಾಜರಿ ಹೊತ್ತಿಗೇ ಹೇಳುತ್ತಾನೆ, ಅದೂ ನೀನು ಬುತ್ತಿ ಕಟ್ಟಿಕೊಂಡು ಹೋಗಿ ನಿಂತ ಮೇಲೆ. ಶೆಡ್ಡು ಖಾಲಿ ಮಾಡು ಎಂಬ ಮಾತಿಗೂ ಒಂದು ರಾತ್ರಿಯ ಗಡುವು ಸಿಕ್ಕರೆ ಪುಣ್ಯ. ಅರಬ್ಬಿ ಸಮುದ್ರದ ಚಂಡಮಾರುತ ಹಾಗಲ್ಲ. ಎಲ್ಲಿ ಎದ್ದಿತು, ಯಾವ ಕಡೆ ಹೊರಟಿತು, ಎಷ್ಟು ಜೋರಾದೀತು ಅನ್ನುವುದೆಲ್ಲ ಬಹಳ ಸಲ ಎರಡು ಮೂರು ದಿನ ಮೊದಲೇ ತಿಳಿದಿರುತ್ತದೆ. ಆ ಎರಡು ಮೂರು ದಿನ ನಿನ್ನ ಕೈಯಲ್ಲಿರುವ ಬಂಡವಾಳ. ಗೋವಾಕ್ಕೆ ದುಡಿಯಲು ಬಂದ ನಮ್ಮ ಹುಡುಗರು ಅದನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ನೋಡುತ್ತ ಬಂದಿದ್ದೇನೆ. ಮೊದಲ ದಿನ ನಗೆಚಾಟಿಕೆ, ಎರಡನೆಯ ದಿನ ಮೊಬೈಲಿನಲ್ಲಿ ವಿಡಿಯೋ, ಮೂರನೆಯ ದಿನ ಓಡಾಟ. ಗೌಂಡಿಯಾಗಿ ಬಂದು ಇಲ್ಲೇ ತಲೆ ನರೆಸಿಕೊಂಡವನ ಮಾತು ಎಂದು ಒಂದಿಷ್ಟು ಕೇಳು.

ನೀನು ಬಾದಾಮಿ, ಇಳಕಲ್ಲು, ಕುಷ್ಟಗಿ, ಮುದ್ದೇಬಿಹಾಳದ ಕಡೆಯವನು. ಗಾಳಿ ನಿನಗೆ ಹೊಸದಲ್ಲ. ಬೇಸಗೆಯ ಕೊನೆಗೆ ಮಧ್ಯಾಹ್ನ ಇಳಿಯುವಾಗ ಮೋಡ ಕಪ್ಪಾಗಿ, ಧೂಳೆದ್ದು, ಬೇವಿನ ಟೊಂಗೆ ಮುರಿದು, ಆಣೆಕಲ್ಲು ಬಿದ್ದು, ಅರ್ಧ ತಾಸಿನಲ್ಲಿ ಎಲ್ಲ ಮುಗಿದು ಮತ್ತೆ ಬಿಸಿಲು ಬೀಳುವುದನ್ನು ಕಂಡವನು. ಆ ಅರ್ಧ ತಾಸಿನ ಅನುಭವವೇ ಇಲ್ಲಿ ಮೋಸ ಮಾಡುತ್ತದೆ. ಸಮುದ್ರದ ಗಾಳಿ ಅರ್ಧ ತಾಸಿಗೆ ದಣಿಯುವುದಿಲ್ಲ. ಹಗಲು ಬೀಸಿ, ರಾತ್ರಿಯೂ ಬೀಸುತ್ತದೆ. ಒಂದೇ ಕಡೆಯಿಂದಲೂ ಬೀಸುವುದಿಲ್ಲ. ಚಂಡಮಾರುತ ನಮ್ಮ ಪಶ್ಚಿಮಕ್ಕೆ, ಸಮುದ್ರದ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಸಾಗುವಾಗ ಗೋವಾದ ದಂಡೆಯಲ್ಲಿ ಗಾಳಿ ಮೊದಲು ಪೂರ್ವದಿಂದ ಬರುತ್ತದೆ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ, ಕೊನೆಗೆ ನೈಋತ್ಯದಿಂದ, ಸಮುದ್ರದ ಕಡೆಯಿಂದ ಹೊಡೆಯುತ್ತದೆ. ಸಂಜೆ ತಡೆದುಕೊಂಡ ಗೋಡೆ ಬೆಳಗಿನ ಜಾವ ಬೀಳುವುದು ಇದರಿಂದಲೇ. ಮೊದಲ ಸುತ್ತಿಗೆ ಏನೂ ಆಗಲಿಲ್ಲ ಎಂದು ಹೊರಗೆ ಬಂದು ನಿಲ್ಲಬೇಡ.

ಗಾಳಿ ಬಂದಾಗ ತೂರಿಕೋ ಎಂದು ಹೇಳಿಸಿಕೊಂಡು ಬೆಳೆದವರು ನಾವು. ಅದು ರಾಶಿಯ ಕಣದಲ್ಲಿ ನಿಂತು ಆಡಿದ ಮಾತು. ಜೋಳದ ಹೊಟ್ಟು ಹಾರಬೇಕಾದವರಿಗೆ ಅದು ಸರಿ. ಸಮುದ್ರದ ಪಕ್ಕದಲ್ಲಿ ಪತ್ರಾಸಿನ ಕೆಳಗೆ ಮಲಗುವವನು ಗಾಳಿ ಬರುವ ಮುಂಚೆ ಕಟ್ಟಿಕೊಳ್ಳಬೇಕು.

ದೀಪಾವಳಿ ಮುಗಿಯಿತು, ಚಳಿ ಬಿತ್ತು, ಇನ್ನು ಮಳೆಗಾಳಿಯ ಮಾತೇನು ಎಂದು ನೀನು ಕೇಳುತ್ತೀ. ಇದು ಎಲ್ಲರೂ ಕೇಳುವ ಪ್ರಶ್ನೆ. ಊರಿನ ಲೆಕ್ಕದಲ್ಲಿ ಸ್ವಾತಿ ಮಳೆ ಮುಗಿದರೆ ವರ್ಷದ ಮಳೆಯೇ ಮುಗಿಯಿತು. ಅರಬ್ಬಿ ಸಮುದ್ರಕ್ಕೆ ಬೇರೆಯೇ ಪಂಚಾಂಗ. ಅಲ್ಲಿ ಚಂಡಮಾರುತಗಳು ಏಳುವುದು ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ. ಏಪ್ರಿಲ್‌ನಿಂದ ಜೂನ್ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಲ. ಸಮುದ್ರದ ಮೇಲ್ನೀರು 26–27 ಡಿಗ್ರಿಗಿಂತ ಬೆಚ್ಚಗಿದ್ದರೆ ಅದಕ್ಕೆ ಉಸಿರು ಸಿಗುತ್ತದೆ, ಡಿಸೆಂಬರಿನಲ್ಲಿಯೂ ನಮ್ಮ ಕಡಲು ಅಷ್ಟು ಬೆಚ್ಚಗಿರುತ್ತದೆ. 2019 ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳು ಎದ್ದವು: ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್. ಕೊನೆಯದು ಎದ್ದದ್ದು ಡಿಸೆಂಬರಿನಲ್ಲಿ. ಜನವರಿ, ಫೆಬ್ರುವರಿಯಲ್ಲಿ ಚಂಡಮಾರುತ ಅಪರೂಪ. ಆಗ ಬರುವುದು ಅಕಾಲದ ಮಳೆ. ಅದು ಗೋವಾದವರ ಗೇರು ಮತ್ತು ಮಾವಿನ ಹೂವಿಗೆ ಶತ್ರು. ನಮ್ಮ ಊರಿಗೂ ಅದರ ಪಾಲು ತಪ್ಪಿದ್ದಲ್ಲ. ಇಲ್ಲಿ ಸಮುದ್ರದಲ್ಲಿ ಎದ್ದ ಮೋಡ ಅಲ್ಲಿ ಕಡಲೆಯ ಹೊಲದ ಮೇಲೆ ಹಾದರೆ ಎಲೆಯ ಮೇಲಿನ ಹುಳಿ ತೊಳೆದುಹೋಗುತ್ತದೆ, ಹಿಂದೆಯೇ ಕಾಯಿಕೊರಕ ಹುಳು ಬರುತ್ತದೆ. ಆದ್ದರಿಂದ ಇಲ್ಲಿ ಹವಾಮಾನದ ಸುದ್ದಿ ಕೇಳಿದ ದಿನ ಊರಿಗೂ ಒಂದು ಫೋನು ಮಾಡು. ಅಪ್ಪ ಬಿಡಿಸಿದ ಹತ್ತಿ ಅಂಗಳದಲ್ಲಿ ಬಿದ್ದಿದ್ದರೆ ಒಳಗೆ ತೆಗೆಸು.

ಚಳಿಗಾಲದ ಗಾಳಿ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಕಣ್ಣ ಮುಂದಿನ ಸಾಕ್ಷಿ ಓಖಿ. 2017ರ ನವೆಂಬರ್ 29ರಂದು ಶ್ರೀಲಂಕಾದ ಹತ್ತಿರ ವಾಯುಭಾರ ಕುಸಿತವಾಗಿ ಎದ್ದದ್ದು, ಮರುದಿನವೇ ಕನ್ಯಾಕುಮಾರಿಯ ಹೊರಗೆ ಚಂಡಮಾರುತವಾಯಿತು. ಹೇಳಿ ಬರುತ್ತದೆ ಎಂದೆನಲ್ಲ, ಓಖಿ ಅದಕ್ಕೆ ಅಪವಾದ. ಅದು ಬಲಿತ ವೇಗಕ್ಕೆ ಎಚ್ಚರಿಕೆ ಹಿಂದೆ ಬಿತ್ತು. ಅಷ್ಟರಲ್ಲಿ ಕನ್ಯಾಕುಮಾರಿ ಮತ್ತು ಕೇರಳದ ದೋಣಿಗಳು ಆಳಸಮುದ್ರಕ್ಕೆ ಹೋಗಿಯಾಗಿತ್ತು, ಹೋದವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ನೂರಾರು ಮೀನುಗಾರರು ಸತ್ತರು, ಕಾಣೆಯಾದರು. ಆದರೆ ಅದೇ ಗಾಳಿಯಲ್ಲಿ 68 ದೋಣಿಗಳು ಉತ್ತರಕ್ಕೆ ಬಂದು, ಗೋವಾ ದಾಟಿದ ಕೂಡಲೇ ಸಿಗುವ ಸಿಂಧುದುರ್ಗದ ದಂಡೆ ಸೇರಿದವು. ಅವುಗಳಲ್ಲಿ 952 ಜನರಿದ್ದರು. ಆ ದಿನ ಅವರು ಮೀನಿನ ಲೆಕ್ಕ ನೋಡಲಿಲ್ಲ, ದಂಡೆಯ ದಾರಿ ನೋಡಿದರು.

ಓಖಿಯ ನಡುವು ಗೋವಾದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಆದರೂ ಡಿಸೆಂಬರ್ 3ರ ಹೊತ್ತಿಗೆ ಪೆಡ್ಣೆ ತಾಲೂಕಿನ ಮೋರ್ಜಿ, ಮಾಂದ್ರೆ, ಹರಮಲ ದಂಡೆಗಳಲ್ಲಿ ನೀರು ಉಕ್ಕಿ ಬಂದು ಪ್ರವಾಸಿಗರ ಶ್ಯಾಕುಗಳ ಒಳಗೆ ನಿಂತಿತು. ಅಂದು ಭಾನುವಾರ, ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ಅದರ ಮೇಲೆ ಹುಣ್ಣಿಮೆ. ಅದೂ ಚಂದ್ರ ಭೂಮಿಗೆ ಹತ್ತಿರ ಬಂದ ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಗೆ ಭರತ ಮೊದಲೇ ಜೋರು. ದೂರದ ಗಾಳಿ ತಳ್ಳಿದ ಅಲೆ ಅದರ ಬೆನ್ನೇರಿ ಬಂತು. ಇದನ್ನು ಚೆನ್ನಾಗಿ ನೆನಪಿಡು. ಅಲೆಗೆ ತನ್ನ ಗಾಳಿಯ ಜೊತೆಗೇ ಬರಬೇಕು ಅನ್ನುವ ಹಂಗಿಲ್ಲ. ದೂರದಲ್ಲಿ ಎಲ್ಲೋ ಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ, ಎಲೆಯೂ ಅಲುಗದ ಹೊತ್ತಿನಲ್ಲಿ ನಿನ್ನ ಕಾಲ ಬುಡಕ್ಕೆ ಬರಬಲ್ಲದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಮುನ್ಸೂಚನೆಯನ್ನೇ ಬೇರೆಯಾಗಿ ಕೊಡುವುದು ಇದಕ್ಕೇ. ರವಿವಾರ ಸುಟಿ ಸಿಕ್ಕಿತೆಂದು ನಾಲ್ಕು ಜನ ಗೆಳೆಯರು ಬೈನಾಕ್ಕೋ ಬೋಗ್ಮಾಳೋಕ್ಕೋ ಹೋಗಿ, ಮೊಣಕಾಲು ನೀರಿನಲ್ಲಿ ನಿಂತು ಫೋಟೋ ತೆಗೆಯುವವರು ಈ ಮಾತನ್ನು ಎರಡು ಸಲ ಓದಿರಿ. ದಂಡೆಯಲ್ಲಿ ಕೆಂಪು ಬಾವುಟ ಇದ್ದರೆ ಕಾವಲಿನ ಹುಡುಗರ ಜೊತೆ ವಾದ ಮಾಡಬೇಡಿ. ಕೆರೆಯಲ್ಲಿ ಈಜು ಕಲಿತವನಿಗೆ ಸಮುದ್ರ ರಿಯಾಯಿತಿ ಕೊಡುವುದಿಲ್ಲ.

ಈಗ ಸುದ್ದಿ ಓದುವುದು ಹೇಗೆ, ಅದನ್ನು ಹೇಳುತ್ತೇನೆ. ಹವಾಮಾನ ಇಲಾಖೆ ಬಣ್ಣದಲ್ಲಿ ಹೇಳುತ್ತದೆ. ಹಳದಿ ಅಂದರೆ ಗಮನ ಇಟ್ಟಿರು, ಕಿತ್ತಳೆ ಅಂದರೆ ತಯಾರಾಗು, ಕೆಂಪು ಅಂದರೆ ತಯಾರಿ ಮುಗಿದಿರಬೇಕು. ನಮ್ಮವರು ಕೆಂಪು ಬಂದ ಮೇಲೆ ಹಗ್ಗ ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ‘ಭಾರೀ ಮಳೆ’ ಎಂಬುದಕ್ಕೂ ಅಳತೆ ಇದೆ. ಇಪ್ಪತ್ನಾಲ್ಕು ತಾಸಿನಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ, 115.6 ಮುಟ್ಟಿದರೆ ಅತಿ ಭಾರೀ, 204.5ರಿಂದ ಮೇಲೆ ಅತ್ಯಂತ ಭಾರೀ. ನಮ್ಮ ಬಾಗಲಕೋಟೆ, ವಿಜಯಪುರದಲ್ಲಿ ಒಂದು ಒಳ್ಳೆಯ ತಿಂಗಳಿಗೆ ಬೀಳುವಷ್ಟು ಮಳೆ ಇಲ್ಲಿ ಒಂದು ದಿನಕ್ಕೆ ಬೀಳಬಹುದು ಎಂದರೆ ನಿನಗೆ ಅಂದಾಜು ಸಿಗುತ್ತದೆ. ಗಾಳಿಗೂ ಮೆಟ್ಟಿಲುಗಳಿವೆ. ತಾಸಿಗೆ 62 ಕಿಲೋಮೀಟರ್ ಮುಟ್ಟಿದಾಗ ಅದಕ್ಕೆ ಚಂಡಮಾರುತ ಎಂಬ ಹೆಸರು, 89 ಮುಟ್ಟಿದರೆ ತೀವ್ರ, 118 ಮುಟ್ಟಿದರೆ ಅತಿ ತೀವ್ರ. 60 ಮತ್ತು 120ರ ನಡುವೆ ಒಂದಕ್ಕೆರಡು ವ್ಯತ್ಯಾಸ ಎಂದು ತಿಳಿಯಬೇಡ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಗೋಡೆ ಮತ್ತು ತಗಡನ್ನು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ಹೋದ ಮಳೆಗಾಲದಲ್ಲಿ ನಿನ್ನ ಶೆಡ್ಡು ತಡೆದಿತ್ತು ಅನ್ನುವ ಮಾತಿಗೆ ಈ ಲೆಕ್ಕದ ಮುಂದೆ ಬೆಲೆ ಇಲ್ಲ.

ಮುರಗಾಂವ್ ಬಂದರಿನ ಸಿಗ್ನಲ್ಲಿನ ಸುದ್ದಿಯನ್ನೂ ಪತ್ರಿಕೆಯಲ್ಲಿ ನೋಡುತ್ತೀ. ಒಂದು ಎರಡು ಅಂದರೆ ದೂರದಲ್ಲಿ ಏನೋ ಎದ್ದಿದೆ. ಮೂರು ಅಂದರೆ ಬಂದರಿಗೇ ಬಿರುಸು ಗಾಳಿಯ ಭಯ. ಐದರಿಂದ ಮೇಲೆ ಅಪಾಯ, ಎಂಟರಿಂದ ಮೇಲೆ ಮಹಾ ಅಪಾಯ. ಹನ್ನೊಂದು ಎಂಬುದೊಂದಿದೆ: ಮುನ್ಸೂಚನೆ ಕೊಡುವವರ ಜೊತೆಗಿನ ಸಂಪರ್ಕವೇ ಕಡಿದುಹೋಗಿದೆ ಎಂದು ಅದರ ಅರ್ಥ. ನಂಬರ್ ಮೂರು ಗೋವಾದಲ್ಲಿ ಆಗಾಗ ಏರುವುದರಿಂದ ಜನ ಅದಕ್ಕೆ ಒಗ್ಗಿಹೋಗಿದ್ದಾರೆ. ಹಾಗೆ ಒಗ್ಗುವುದು ಬಂದರಿನವರಿಗೆ ಸರಿ, ಅವರಿಗೆ ಕಲ್ಲಿನ ಕಟ್ಟಡಗಳಿವೆ. ಇನ್ನು ಭಾಷೆ. ಪಂಚಾಯತಿಯ ಗಾಡಿ ಕೊಂಕಣಿಯಲ್ಲಿ ಕೂಗುತ್ತ ಹೋಗುತ್ತದೆ. ಅದರಲ್ಲಿ ‘ವಾದಳ’ ಎಂದು ಕೇಳಿದರೆ ಪಕ್ಕದ ಅಂಗಡಿಯವನನ್ನು ನಿಲ್ಲಿಸಿ ಪೂರ್ತಿ ಕೇಳು. ನಾಚಿಕೆ ಬೇಡ. ಇಷ್ಟು ವರ್ಷ ಈ ನೆಲದಲ್ಲಿ ದುಡಿದು ನಾಲ್ಕು ಮಾತು ಕೊಂಕಣಿ ಕಲಿಯದ ನಮ್ಮವರ ಬಗ್ಗೆ ನನಗೆ ಬೇರೆಯೇ ಸಿಟ್ಟಿದೆ, ಅದು ಇನ್ನೊಂದು ದಿನಕ್ಕಿರಲಿ.

ಪತ್ರಾಸಿನ ಮಾತಿಗೆ ಬರೋಣ. ನಿನ್ನ ಜೀವ ಇರುವುದು ಅದರ ಕೆಳಗೆ.

ತಗಡು ಹಾರುವುದು ಮೇಲಿನಿಂದ ಬಂದ ಗಾಳಿಗೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜಕ್ಕೂ ಅದನ್ನು ಎತ್ತುವ ಬಲಗಳು ಎರಡು. ಛಾವಣಿಯ ಮೇಲೆ ವೇಗವಾಗಿ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಬಾಗಿಲು, ಸಂದುಗಳಿಂದ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ದೂಡುತ್ತದೆ. ಎರಡೂ ಕೂಡಿದಾಗ ಮೊಳೆ ಕಿತ್ತು ಬರುತ್ತದೆ. ಹೀರುವ ಬಲ ಹೆಚ್ಚಿರುವುದು ಅಂಚು ಮತ್ತು ಮೂಲೆಗಳಲ್ಲಿ. ನಮ್ಮವರು ಭಾರ ಇಡುವುದು ಮಾತ್ರ ನಡುವಿನಲ್ಲಿ, ಅದೂ ಬಿಡಿ ಕಲ್ಲು. ಚಿರೆಕಲ್ಲು, ಒಡೆದ ಸಿಮೆಂಟ್ ಗಟ್ಟಿ, ಹಳೆಯ ಟೈರು, ಏನು ಸಿಕ್ಕಿತೋ ಅದು. ತಗಡು ಒಂದು ಗೇಣು ಎದ್ದರೆ ಸಾಕು, ಆ ಕಲ್ಲು ಜಾರಿ ಬೀಳುವುದು ಗೋಡೆಯ ಬದಿಗೆ ಮಲಗಿದ ಮಗುವಿನ ಮೇಲೆ. ಬಿಡಿ ಕಲ್ಲುಗಳನ್ನು ಇವತ್ತೇ ಇಳಿಸು. ಖಾಲಿ ಸಿಮೆಂಟ್ ಚೀಲಗಳಿಗೆ ಉಸುಕು ತುಂಬಿ ಬಾಯಿ ಹೊಲಿ. ಎರಡೆರಡು ಚೀಲವನ್ನು ಒಂದು ಹಗ್ಗದ ಎರಡು ತುದಿಗೆ ಕಟ್ಟಿ, ಛಾವಣಿಯ ಏಣಿನ ಆಚೆಗೊಂದು ಈಚೆಗೊಂದು ಬರುವ ಹಾಗೆ ಅಂಚಿನ ಹತ್ತಿರ ಇಳಿಬಿಡು. ತಗಡಿನ ಕೆಳಗಿನ ಅಡ್ಡಪೈಪನ್ನು ನಿಂತ ಕಂಬಕ್ಕೆ, ಆ ಕಂಬವನ್ನು ನೆಲಕ್ಕೆ ಬೈಂಡಿಂಗ್ ತಂತಿಯಿಂದ ಬಿಗಿ. ತಗಡು ಪೈಪಿಗೆ ಗಟ್ಟಿಯಾಗಿದ್ದು, ಪೈಪು ಕಂಬದ ಮೇಲೆ ಸುಮ್ಮನೆ ಕುಳಿತಿದ್ದರೆ ಇಡೀ ಛಾವಣಿ ಒಂದೇ ತುಂಡಾಗಿ ಎದ್ದುಹೋಗುತ್ತದೆ. ಸ್ಲ್ಯಾಬಿನ ಸಲಾಕಿಗೆ ಗಂಟು ಹಾಕಲು ಬರುವ ಕೈಗೆ ಇದು ದೊಡ್ಡ ಕೆಲಸವಲ್ಲ. ಪರರ ಬಂಗಲೆಗೆ ಸಾವಿರ ಗಂಟು ಬಿಗಿದವನು ತನ್ನ ಶೆಡ್ಡಿಗೆ ನಾಲ್ಕು ಬಿಗಿಯದೆ ಮಲಗುವುದು ನನಗೆ ಅರ್ಥವಾಗದ ಸಂಗತಿ.

2000ದ ಜೂನ್‌ನಲ್ಲಿ ರಿವರ್ ಪ್ರಿನ್ಸೆಸ್ ಎಂಬ ಅದಿರಿನ ಹಡಗು ಮಳೆಗಾಲದ ಗಾಳಿಗೆ ಕಾಂದೋಳಿ ದಂಡೆಗೆ ಬಂದು ಕೂತಿತು. ಅದನ್ನು ತೆಗೆಯಲು ಹನ್ನೆರಡು ವರ್ಷ ಬೇಕಾಯಿತು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಎದ್ದಾಗ ನಾಫ್ತಾ ತುಂಬಿದ ನು ಶಿ ನಳಿನಿ ಎಂಬ ಹಡಗು ದೋನಾ ಪಾವ್ಲಾದ ಬಂಡೆಗಳಿಗೆ ಬಂದು ತಗುಲಿತು. ಅಂಥ ಹಡಗುಗಳನ್ನೇ ಎಳೆದು ತಂದ ಗಾಳಿಗೆ ನಿನ್ನ ಪತ್ರಾಸಿನ ಮೊಳೆ ಯಾವ ಲೆಕ್ಕ!

ಶೆಡ್ಡು ಎಲ್ಲಿ ನಿಂತಿದೆ ಎಂಬುದೂ ಅಷ್ಟೇ ಮುಖ್ಯ. ಗೋವಾದಲ್ಲಿ ಗುಡ್ಡ ಕಡಿದು ಸೈಟು ಮಾಡುತ್ತಾರೆ, ಕಡಿದ ಗೋಡೆಯ ಬುಡದಲ್ಲೋ ಕಾಂಪೌಂಡಿಗೆ ಒರಗಿಸಿಯೋ ಕೂಲಿಯವರ ಶೆಡ್ಡು ಹಾಕುತ್ತಾರೆ. ಒಂದು ಬದಿಯ ಗೋಡೆ ಉಳಿಯಿತಲ್ಲ ಅನ್ನುವ ಲೆಕ್ಕ. 2019ರ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ಹೀಗೇ ಒರಗಿಸಿದ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು. ಎಲ್ಲರೂ ಮಲಗಿದ್ದ ಹೊತ್ತು. ಗೋಡೆಯಲ್ಲಿ ಹೊಸ ಬಿರುಕು ಕಂಡರೆ, ಹೊಟ್ಟೆ ಉಬ್ಬಿದ ಹಾಗೆ ಕಂಡರೆ, ಕೆಳಗಿನ ತೂತುಗಳಿಂದ ನೀರು ಬರುವುದು ನಿಂತಿದ್ದರೆ ಆ ರಾತ್ರಿ ಅಲ್ಲಿ ಮಲಗಬೇಡ. ನೀರು ನಿಂತಿತು ಅಂದರೆ ಗೋಡೆಯ ಹಿಂದೆ ತುಂಬಿಕೊಳ್ಳುತ್ತಿದೆ ಎಂದರ್ಥ. ಮಲಗಲು ಜಾಗ ಎಲ್ಲಿ ಎಂದು ಕೆಂಪು ಬಣ್ಣ ಬರುವ ಮುಂಚೆಯೇ ವಾರ್ಡಿನ ಪಂಚನನ್ನು ಕೇಳಿಡು. ಶಾಲೆಯೋ ಗುಡಿಯೋ ಇಗರ್ಜಿಯ ಸಭಾಂಗಣವೋ, ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದು ಗೊತ್ತಿರಬೇಕು. ಕಟ್ಟುತ್ತಿರುವ ಅರೆಬರೆ ಕಟ್ಟಡದೊಳಗೆ ಹೋಗಿ ಮಲಗುವುದು ಸುಲಭವೆನಿಸುತ್ತದೆ. ಸ್ಲ್ಯಾಬು ಗಟ್ಟಿಯಾಗಿ ಜಾಕುಗಳು ಬಿಚ್ಚಿದ ಮಹಡಿಯಾದರೆ ಪರವಾಗಿಲ್ಲ. ಸೆಂಟ್ರಿಂಗ್ ಇನ್ನೂ ನಿಂತಿರುವ ಮಹಡಿಯ ಕೆಳಗೆ ಬೇಡ, ಇಟ್ಟಿಗೆಯ ಹಸಿ ಗೋಡೆಯ ಪಕ್ಕದಲ್ಲೂ ಬೇಡ.

ಬೈನಾದ ದಂಡೆಯಲ್ಲಿ ನಮ್ಮವರ ಸಾಲು ಸಾಲು ಮನೆಗಳಿದ್ದ ಕಾಲವನ್ನು ನೀನು ಕಂಡಿಲ್ಲ. 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿದ ಹೊತ್ತಿನಲ್ಲಿ, ಅಲ್ಲಿಯ ಮನೆಗಳನ್ನು ನೆಲಸಮ ಮಾಡಿದರು. ಸಮುದ್ರ ಮುರಿದದ್ದಕ್ಕಿಂತ ಬುಲ್ಡೋಜರ್ ಮುರಿದದ್ದೇ ಅಲ್ಲಿ ಹೆಚ್ಚು. ಆ ಕಥೆಯನ್ನು ಈಗ ತೆಗೆದದ್ದು ಒಂದೇ ಕಾರಣಕ್ಕೆ: ಕಾಗದ. ಎಲ್ಲವೂ ಹೋದ ಮೇಲೆ, ಇಲ್ಲಿ ಇಷ್ಟು ವರ್ಷ ಇದ್ದೆ ಎಂದು ಹೇಳಲು ಕೈಯಲ್ಲಿ ಕಾಗದ ಇದ್ದವನ ಪಾಡು ಬೇರೆ, ಇಲ್ಲದವನ ಪಾಡು ಬೇರೆ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು, ಹಾಜರಿ ಬರೆದ ಸಣ್ಣ ಪುಸ್ತಕ, ಇವನ್ನೆಲ್ಲ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಳಿಯ ದಿನ ಮೈಮೇಲೆ ಇಟ್ಟುಕೋ. ಟ್ರಂಕಿನಲ್ಲಿ ಬೇಡ, ಟ್ರಂಕು ತೇಲುವುದಿಲ್ಲ. ಪ್ರತಿಯೊಂದರ ಫೋಟೋ ತೆಗೆದು ಊರಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳಿಸು.

ತಂಗೀ, ಈಗ ನಿನಗೆ. ವಾಸ್ಕೋದ ನಲ್ಲಿಗೆ ನೀರು ಬರುವುದು ದೂರದ ಸಾಳಾವಲಿ ಅಣೆಕಟ್ಟಿನಿಂದ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ನಲ್ಲಿ ಒಣಗುತ್ತದೆ. ಹೊರಗೆ ಧಾರಾಕಾರ ಮಳೆ, ಒಳಗೆ ಕುಡಿಯಲು ನೀರಿಲ್ಲ ಎಂಬ ಸ್ಥಿತಿ ಬರುವುದು ಹೀಗೆ. ಇರುವ ಕೊಡ, ಬಕೆಟ್ಟು ಎಲ್ಲ ತುಂಬಿಸಿ ಮುಚ್ಚಿಡು. ಉಣ್ಣುವುದಕ್ಕೆ ಒಣ ತಿನಿಸು ಇಟ್ಟುಕೊಳ್ಳಿ ಎಂದು ಸರಕಾರದವರು ಬಿಸ್ಕೀಟಿನ ಹೆಸರು ಹೇಳುತ್ತಾರೆ. ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಅದಕ್ಕಿಂತ ಎಷ್ಟೋ ಮೇಲು. ಎರಡು ದಿನ ಮೊದಲೇ ನಾಲ್ಕು ಕಟ್ಟು ರೊಟ್ಟಿ ಬಡಿದಿಟ್ಟರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಒಲೆ ಹಚ್ಚಲೇಬೇಕಾದರೆ ಎಲ್ಲ ಕಡೆ ಮುಚ್ಚಿದ ಶೆಡ್ಡಿನೊಳಗೆ ಇದ್ದಿಲಿನದು ಬೇಡ, ಅದರ ಗಾಳಿ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಮನೆಯಲ್ಲಿ ತುಂಬು ಬಸುರಿ ಇದ್ದರೆ, ನೋವು ಬರಲಿ ಎಂದು ಕಾಯದೆ ಹಿಂದಿನ ದಿನವೇ ಆಸ್ಪತ್ರೆಯ ಹತ್ತಿರ ಇರುವ ಸಂಬಂಧಿಕರ ಮನೆಗೆ ಕಳಿಸಿ. 108ಕ್ಕೆ ಫೋನು ಹೋಗಬಹುದು, ಆದರೆ ರಸ್ತೆಗೆ ಮರ ಬಿದ್ದರೆ ಆ ಗಾಡಿಯಾದರೂ ಏನು ಮಾಡೀತು?

ಇನ್ನು ಪಗಾರದ ಮಾತು. ಇದು ಎಲ್ಲಕ್ಕಿಂತ ಕಠಿಣ, ನನಗೆ ಗೊತ್ತು. ಗಾಳಿಯ ಹಿಂದಿನ ದಿನ ಕಾಂಟ್ರ್ಯಾಕ್ಟರಿಗೆ ಸ್ಲ್ಯಾಬು ಹಾಕಿ ಮುಗಿಸುವ ಅವಸರ. ನಿನಗೆ ಎರಡು ದಿನದ ಕೂಲಿ ಹೋಗುವ ಚಿಂತೆ. ಇಬ್ಬರ ಅವಸರವೂ ಕೂಡಿದ ಜಾಗದಲ್ಲೇ ಸಾವು ಕುಳಿತಿರುತ್ತದೆ. 2021ರ ಮೇ 17ರಂದು, ತೌಕ್ತೆ ಚಂಡಮಾರುತದಲ್ಲಿ, ಮುಂಬೈಯ ಹೊರಗಿನ ತೈಲಬಾವಿಗಳ ಹತ್ತಿರ ಪಿ-305 ಎಂಬ ಬಾರ್ಜ್ ಮುಳುಗಿತು. ಅದರಲ್ಲಿ 261 ಜನರಿದ್ದರು, ಹೆಚ್ಚಿನವರು ಗುತ್ತಿಗೆಯ ಕೆಲಸದವರು. 70ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಓಖಿಯಲ್ಲಿ ಸಿಂಧುದುರ್ಗ ಸೇರಿದ 952 ಜನರನ್ನೂ ಇವರನ್ನೂ ಪಕ್ಕಪಕ್ಕ ಇಟ್ಟು ನೋಡು. ಕಡಲು ಅದೇ. ದೋಣಿಯವರಿಗೆ ದಂಡೆಗೆ ತಿರುಗುವ ನಿರ್ಧಾರ ತಮ್ಮ ಕೈಯಲ್ಲಿತ್ತು. ಬಾರ್ಜಿನ ಕೂಲಿಯವರಿಗೆ ಅದು ಇರಲಿಲ್ಲ.

ಆದ್ದರಿಂದ ಒಬ್ಬನೇ ಹೋಗಿ ಮೇಸ್ತ್ರಿಯ ಮುಂದೆ ನಿಲ್ಲಬೇಡ. ಗ್ಯಾಂಗಿನವರೆಲ್ಲ ಕೂಡಿ, ಕಿತ್ತಳೆ ಬಣ್ಣದ ದಿನವೇ ಹೋಗಿ ಕೇಳಿರಿ: ನಾಳೆ ಎಷ್ಟು ಗಂಟೆಗೆ ಮೇಲಿನ ಕೆಲಸ ನಿಲ್ಲಿಸುತ್ತೀರಿ? ನಿಲ್ಲಿಸಿ ಎಂದು ಕೇಳಿದರೆ ಇಲ್ಲ ಅನ್ನುವುದು ಸುಲಭ. ಯಾವಾಗ ಎಂದು ಕೇಳಿದರೆ ಒಂದು ಹೊತ್ತು ಹೇಳಲೇಬೇಕಾಗುತ್ತದೆ. ಆ ದಿನದ ಕೂಲಿ ಉಳಿಯಬೇಕೆಂದರೆ ಸೈಟು ಭದ್ರ ಮಾಡುವ ಕೆಲಸವನ್ನೇ ಕೇಳಿಕೊಳ್ಳಿರಿ, ಅದು ಅವನಿಗೂ ಬೇಕು. ಸಾರವೆಗೆ ಕಟ್ಟಿದ ಹಸಿರು ಬಲೆ ಬಿಚ್ಚುವುದು ಮೊದಲ ಕೆಲಸ. ಆ ಬಲೆ ಗಾಳಿಯನ್ನು ಹಿಡಿದು ಇಡೀ ಸಾರವೆಯನ್ನು ಎಳೆದುಹಾಕುತ್ತದೆ. ಬಿಡಿ ಪ್ಲೈವುಡ್ಡು, ತಗಡು, ಖಾಲಿ ಡ್ರಮ್ಮು ಮೇಲಿನ ಮಹಡಿಯಿಂದ ಕೆಳಗೆ ಬರಬೇಕು. ಇಷ್ಟು ಮಾಡಿದರೆ ಒಂದು ಹಾಜರಿ ಬೀಳುತ್ತದೆ, ಯಾರ ತಲೆಯೂ ಒಡೆಯುವುದಿಲ್ಲ.

ಕೆಲಸ ನಿಂತಿತು ಅಂದ ಕೂಡಲೇ ಊರ ಬಸ್ಸು ಹಿಡಿಯುವ ಚಾಳಿ ನಮ್ಮವರಿಗಿದೆ. ಎರಡು ದಿನ ಇಲ್ಲಿ ಕೂತು ಏನು ಮಾಡುವುದು, ಹುಬ್ಬಳ್ಳಿಗೆ ಹೋಗಿ ಬರೋಣ ಅನ್ನುತ್ತಾರೆ. ಹೋಗುವುದಾದರೆ ಹಳದಿ ಬಣ್ಣದ ದಿನ ಹೋಗು. ಕೆಂಪಿನ ದಿನ ಅನಮೋಡ, ಚೋರ್ಲಾ ಘಾಟು ಹತ್ತಬೇಡ, ರೈಲಿದೆಯಲ್ಲ ಎಂದೂ ನಂಬಬೇಡ. 2021ರ ಜುಲೈ 23ರಂದು ದೂಧಸಾಗರದ ಹತ್ತಿರ ಗುಡ್ಡ ಕುಸಿದು, ಮಂಗಳೂರಿನಿಂದ ಮುಂಬೈಗೆ ಹೊರಟು ಈ ದಾರಿಯಲ್ಲಿ ಬರುತ್ತಿದ್ದ ರೈಲು ಹಳಿ ತಪ್ಪಿತು. ಜೀವಹಾನಿ ಆಗಲಿಲ್ಲ, ಅದು ಅದೃಷ್ಟ. ಶೆಡ್ಡಿಗಿಂತ ಘಾಟು ಸುರಕ್ಷಿತ ಅಂದುಕೊಂಡವನು ಘಾಟನ್ನು ಮಳೆಯಲ್ಲಿ ಕಂಡವನಲ್ಲ.

ಗಾಳಿ ನಡೆಯುವಾಗ ನೀನು ಮಾಡಬೇಕಾದದ್ದು ಬಹಳ ಕಡಿಮೆ: ಒಳಗಿರು. ಬೈಕನ್ನು ತೆಂಗಿನ ಮರದ ಕೆಳಗಿನಿಂದ ತೆಗೆದಿಟ್ಟಿರು. ಮೇಲಿನ ಪತ್ರಾಸು ಬಡಿದುಕೊಳ್ಳತೊಡಗಿದರೆ ಅದನ್ನು ಹಿಡಿಯಲು ಏರಬೇಡ, ಹೋದರೆ ಹೋಗಲಿ. ತೌಕ್ತೆ 2021ರ ಮೇ 16ರ ಭಾನುವಾರ ಗೋವಾದ ಹೊರಗೆ ಹಾದುಹೋದಾಗ ರಾಜ್ಯದಲ್ಲಿ ಇಬ್ಬರು ಸತ್ತರು. ಒಬ್ಬರ ಮೇಲೆ ತೆಂಗಿನ ಮರ ಬಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಇನ್ನೊಬ್ಬರಿಗೆ ವಿದ್ಯುತ್ ಕಂಬ ಮೃತ್ಯುವಾಯಿತು. ಕೊರೊನಾದ ಕರ್ಫ್ಯೂ ಇದ್ದು ರಸ್ತೆಗಳು ಮೊದಲೇ ಖಾಲಿ ಇದ್ದವು. ಇಲ್ಲದಿದ್ದರೆ ಸತ್ತವರು ಇಬ್ಬರಿಗೇ ನಿಲ್ಲುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ನೂರಾರು ಮರ ಉರುಳಿ, ತಂತಿ ಹರಿದು, ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಕರೆಂಟು ಬರಲಿಲ್ಲ.

ಗಾಳಿ ನಿಂತ ಬೆಳಗ್ಗೆ ಬಿಸಿಲು ಬಿದ್ದು ಹಗುರ ಅನ್ನಿಸುವ ಹೊತ್ತೇ ಕೆಟ್ಟದ್ದು. ರಸ್ತೆಯಲ್ಲಿ ನಿಂತ ನೀರಿನೊಳಗೆ ತಂತಿ ಬಿದ್ದಿರುತ್ತದೆ. ಕರೆಂಟು ಇಲ್ಲ ಎಂದು ಅದನ್ನು ಕೋಲಿನಿಂದ ಸರಿಸಲು ಹೋಗಬೇಡ. ಸತ್ತ ತಂತಿಗೆ ಯಾವ ಗಳಿಗೆಯಲ್ಲಾದರೂ ಜೀವ ಬರಬಹುದು. ಯಾವುದೋ ಬಂಗಲೆಯ ಜನರೇಟರಿನಿಂದ ಹಿಂದಕ್ಕೆ ಹರಿದು ಬಂದ ಕರೆಂಟೂ ಸಾಕು ಕೊಲ್ಲಲು. ದೂರ ನಿಂತು, ಬೇರೆಯವರನ್ನೂ ದೂರ ನಿಲ್ಲಿಸಿ, 1912ಕ್ಕೆ ಹೇಳು; ಜೀವಕ್ಕೆ ಬಂದರೆ 112. ಅದೇ ದಿನ ಬಂಗಲೆಯವರು ಹಂಚು ಕೂಡಿಸಲು, ಮರ ಕಡಿಯಲು ಕೂಲಿ ಹುಡುಕುತ್ತ ಬರುತ್ತಾರೆ, ಮಾಮೂಲಿಗಿಂತ ಹೆಚ್ಚು ಕೊಡುತ್ತೇನೆ ಅನ್ನುತ್ತಾರೆ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಆ ದಿನ ಏರಬೇಡ. ಒಣಗಿದ ಮೇಲೂ ಆ ಕೆಲಸ ಅಲ್ಲೇ ಇರುತ್ತದೆ, ದರ ಕೂಡ ಇಳಿದಿರುವುದಿಲ್ಲ.

ನಿನ್ನ ಶೆಡ್ಡು ಬಿದ್ದಿದ್ದರೆ, ತೆಗೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆ. ತಲಾಟಿ ಬಂದು ಪಂಚನಾಮೆ ಬರೆಯುವಾಗ ಎದುರಿಗೆ ನಿಂತಿರು. ಸರಕಾರದ ಪರಿಹಾರದ ನಿಯಮದಲ್ಲಿ ಮನೆಗೆ ದುಡ್ಡು ಸಿಗುವುದು ಅದು ಅಧಿಕೃತ ಕಟ್ಟಡವಾಗಿದ್ದರೆ. ಕೂಲಿಯವರ ಶೆಡ್ಡಿಗೆ ಆ ಹಕ್ಕು ಸುಲಭವಾಗಿ ದಕ್ಕುವುದಿಲ್ಲ. ಗಾಳಿ ಬೀಳಿಸುವಾಗ ನೋಡದ ಲೈಸೆನ್ಸನ್ನು ಕಚೇರಿ ನೋಡುತ್ತದೆ, ಏನು ಮಾಡುವುದು. ಜೀವಹಾನಿಗೆ ಇರುವ ನಾಲ್ಕು ಲಕ್ಷ ರೂಪಾಯಿಗೆ ಮಾತ್ರ ಮನೆಯ ಕಾಗದ ಬೇಕಿಲ್ಲ, ಅದಕ್ಕೆ ಬೇಕಾಗುವುದು ಆಸ್ಪತ್ರೆ ಮತ್ತು ಪೊಲೀಸರ ದಾಖಲೆ. ಬಾಡಿಗೆಯ ಶೆಡ್ಡಾದರೆ ಹೆಸರು ಮಾಲೀಕನದೇ ಬರೆಯುತ್ತಾರೆ, ಬರೆಯಲಿ. ಒಳಗಿದ್ದ ಸಾಮಾನು ನಿನ್ನದು: ಹಾಸಿಗೆ, ಪಾತ್ರೆ, ಗ್ಯಾಸು, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ. ಅವುಗಳ ಯಾದಿಯನ್ನು ನಿನ್ನ ಕೈಯಲ್ಲೇ ಬರೆದು ಎರಡು ಪ್ರತಿ ಮಾಡು. ಮಾಮಲೇದಾರರ ಕಚೇರಿಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಕು ಹಾಕಿಸಿ ಶಿಕ್ಕಾ ಒತ್ತಿಸಿಕೋ. ನಾಳೆ ಬಾ ಎಂದರೆ ಹೋಗಿ ಬಂದುಬಿಡಬೇಡ, ಕಟ್ಟೆಯ ಮೇಲೆ ಕೂತಿರು; ಬುತ್ತಿಗೆ ರೊಟ್ಟಿ ಇನ್ನೂ ಉಳಿದಿರುತ್ತದೆ.